ಜೀವಕೋಶದ ಒಂಟಿ ಕೂದಲು

ಆರನೆಯ ಬೆರಳಿಗೂ ಕಿಡ್ನಿಗೂ ಏನು ಸಂಬಂಧ? ಇರುಳುಗುರುಡಿಗೂ ನಡೆಯುವಾಗಿನ ಓಲಾಟಕ್ಕೂ? ಈ ನಾಲ್ಕೂ ಒಂದೇ ಮಗುವಿನಲ್ಲಿ ಕೂಡಿ ಬರುವ ಕಾಯಿಲೆಗಳಿವೆ. ಅವುಗಳ ಹೆಸರು ವೈದ್ಯಗ್ರಂಥಗಳಲ್ಲಿ ಬಹಳ ಹಿಂದಿನಿಂದ ಇತ್ತು. ಲಕ್ಷಣಗಳ ಪಟ್ಟಿಯೂ ಇತ್ತು. ಯಾಕೆ ಕೂಡಿ ಬರುತ್ತವೆ ಅಂದರೆ ಮಾತ್ರ ಯಾರ ಬಳಿಯೂ ಉತ್ತರ ಇರಲಿಲ್ಲ. ಮಗು ಬೆರಳಿಗೆ ಸರ್ಜನ್ ಬಳಿ, ಕಿಡ್ನಿಗೆ ಇನ್ನೊಬ್ಬರ ಬಳಿ, ಕಣ್ಣಿಗೆ ಮತ್ತೊಬ್ಬರ ಬಳಿ, ಓಲಾಟಕ್ಕೆ ನರರೋಗ ತಜ್ಞರ ಬಳಿ ಹೋಗುತ್ತಿತ್ತು. ಒಂದೊಂದು ಬಾಗಿಲಲ್ಲೂ ಒಂದೊಂದು ಫೈಲು. (ಬರೀ ಆರು ಬೆರಳಿದ್ದವರು ಗಾಬರಿಯಾಗಬೇಕಿಲ್ಲ. ಬಹುಪಾಲು ಜನರಲ್ಲಿ ಅದು ಬೆರಳೇ, ಬೇರೇನೂ ಅಲ್ಲ.)

ಉತ್ತರ ಸಿಕ್ಕಿದ್ದು ಈ ಶತಮಾನದ ಮೊದಲ ಕೆಲವು ವರ್ಷಗಳಲ್ಲಿ. ಅದು ಸಿಕ್ಕ ಜಾಗ ಯಾವುದೆಂದರೆ, ಜೀವಶಾಸ್ತ್ರಜ್ಞರು ನೂರು ವರ್ಷ ಕಣ್ಣಾರೆ ಕಂಡೂ ಕೆಲಸಕ್ಕೆ ಬಾರದ್ದು ಎಂದು ಬದಿಗೆ ಸರಿಸಿದ್ದ ಜಾಗ.

ನಮ್ಮ ಮೈಯ ಹೆಚ್ಚಿನ ಬಗೆಯ ಜೀವಕೋಶಗಳ ಮೇಲೆ ಒಂದು ಕೂದಲಿನಂಥ ಎಳೆ ಎದ್ದು ನಿಂತಿರುತ್ತದೆ. ಒಂದು ಕೋಶಕ್ಕೆ ಒಂದೇ. ಇದೂ ಒಂದು ಸಿಲಿಯಾ, ಶಾಲೆಯ ಪುಸ್ತಕದಲ್ಲಿ ಲೋಮಾಂಗ ಎಂದು ಓದಿದ್ದು. ಆದರೆ ಪಾಠದಲ್ಲಿ ಬಂದದ್ದು ಪ್ಯಾರಮೀಸಿಯಂ ಈಜಲು ಬಡಿಯುವ ಸಿಲಿಯಾ, ಇಲ್ಲವೇ ನಮ್ಮ ಶ್ವಾಸನಾಳದಲ್ಲಿ ಕಫವನ್ನು ಮೇಲಕ್ಕೆ ತಳ್ಳುವ ಸಿಲಿಯಾ. ಅವು ಗುಂಪಾಗಿರುತ್ತವೆ, ಬಡಿಯುತ್ತವೆ. ಅಡ್ಡ ಕೊಯ್ದು ನೋಡಿದರೆ ಸುತ್ತ ಒಂಬತ್ತು ಜೋಡಿ ಸೂಕ್ಷ್ಮನಾಳಗಳು, ನಡುವೆ ಎರಡು. ಈ ಒಂಟಿ ಸಿಲಿಯಾದಲ್ಲಿ ನಡುವಿನ ಎರಡು ಇಲ್ಲ. ಅದು ಬಡಿಯುವುದೂ ಇಲ್ಲ. ಉದ್ದ ಕೆಲವೇ ಮೈಕ್ರಾನ್. ದಪ್ಪ ಎಷ್ಟೆಂದರೆ, ನಮ್ಮ ತಲೆಗೂದಲಿನ ಅಡ್ಡಳತೆಯಲ್ಲಿ ಇಂಥ ಇನ್ನೂರು ಮುನ್ನೂರನ್ನು ಒತ್ತೊತ್ತಾಗಿ ಜೋಡಿಸಬಹುದು. ಕೋಶ ಎರಡಾಗಿ ಒಡೆಯುವ ಹೊತ್ತು ಬಂದರೆ ಇದನ್ನು ಬಿಚ್ಚಿ ಒಳಕ್ಕೆಳೆದುಕೊಳ್ಳುತ್ತದೆ, ಒಡೆದ ಮೇಲೆ ಮತ್ತೆ ಬೆಳೆಸಿಕೊಳ್ಳುತ್ತದೆ.

1898ರಲ್ಲೇ ಜಿಮ್ಮರ್‌ಮನ್ ಎಂಬ ಅಂಗರಚನಾ ವಿಜ್ಞಾನಿ ಸಸ್ತನಿಗಳ ಕಿಡ್ನಿಯ ನಾಳಗಳಲ್ಲಿ ಇದನ್ನು ವಿವರಿಸಿದ್ದ. 1968ರಲ್ಲಿ ಸೊರೊಕಿನ್ ಇದಕ್ಕೆ 'ಪ್ರೈಮರಿ ಸಿಲಿಯಾ' ಎಂದು ಹೆಸರಿಟ್ಟ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದ ಮೇಲೆ ಎಲ್ಲೆಲ್ಲೂ ಕಾಣತೊಡಗಿತು. ಬಡಿಯದ ಸಿಲಿಯಾ ಇದ್ದೂ ಏನು ಪ್ರಯೋಜನ, ವಿಕಾಸದ ಹಾದಿಯಲ್ಲಿ ಉಳಿದುಹೋದ ಪಳೆಯುಳಿಕೆ ಇರಬೇಕು ಎಂದು ಹೆಚ್ಚಿನವರು ತೀರ್ಮಾನಿಸಿದರು. ಅಪೆಂಡಿಕ್ಸಿಗೂ ನಾವು ಇದೇ ಮಾತು ಹೇಳಿಕೊಂಡು ಬಂದವರೇ.

ಈ ಎಳೆಯನ್ನು ಇಲ್ಲೇ ಬಿಟ್ಟು ಭ್ರೂಣದ ಬೆನ್ನಿಗೆ ಬರೋಣ.

ಗರ್ಭ ಕಟ್ಟಿದ ಮೂರನೆಯ ವಾರದಲ್ಲಿ ಮನುಷ್ಯ ಭ್ರೂಣದ ಬೆನ್ನಿನ ಮೇಲೆ ಜೀವಕೋಶಗಳ ಒಂದು ಹಾಳೆ ದಪ್ಪವಾಗುತ್ತದೆ. ಅದರ ಎರಡೂ ಅಂಚು ಮೇಲೆದ್ದು ಒಂದನ್ನೊಂದು ಮುಟ್ಟಿ ಕೂಡಿಕೊಂಡು ಕೊಳವೆಯಾಗುತ್ತದೆ. ನಾಲ್ಕನೆಯ ವಾರ ಮುಗಿಯುವ ಹೊತ್ತಿಗೆ, ಅಂದರೆ ಸುಮಾರು 28ನೆಯ ದಿನಕ್ಕೆ, ಎರಡೂ ತುದಿ ಮುಚ್ಚಿರಬೇಕು. ಎಷ್ಟೋ ಹೆಂಗಸರಿಗೆ ತಾವು ಬಸುರಿ ಎಂಬುದೇ ಆಗಿನ್ನೂ ಖಚಿತವಾಗಿರುವುದಿಲ್ಲ. ಈ ನರಕೊಳವೆಯ ಮುಂತುದಿ ಊದಿ ಮಿದುಳಾಗುತ್ತದೆ, ಉಳಿದದ್ದು ಮಿದುಳುಬಳ್ಳಿ.

ಮಿದುಳುಬಳ್ಳಿಯ ಕಥೆಯೇ ಇಲ್ಲಿ ಸ್ವಾರಸ್ಯ. ಸ್ನಾಯುಗಳಿಗೆ ಅಪ್ಪಣೆ ಕೊಡುವ ಚಾಲಕ ನರಕೋಶಗಳು ಹೊಟ್ಟೆಯ ಕಡೆಗೆ ಹುಟ್ಟುತ್ತವೆ. ಚರ್ಮದಿಂದ ಬರುವ ನೋವು, ಸ್ಪರ್ಶಗಳನ್ನು ಬರಮಾಡಿಕೊಳ್ಳುವವು ಬೆನ್ನಿನ ಕಡೆಗೆ. ನಡುವೆ ಪದರ ಪದರವಾಗಿ ಬೇರೆ ಬೇರೆ ಜಾತಿಯವು. ಆರಂಭದಲ್ಲಿ ಕೊಳವೆಯ ಕೋಶಗಳೆಲ್ಲ ಒಂದೇ ಥರ, ಒಂದೇ ಜೀನುಗಳು. ಹಾಗಿದ್ದರೆ ಒಂದು ಕೋಶಕ್ಕೆ ತಾನು ಮೇಲಿದ್ದೇನೆಯೋ ಕೆಳಗಿದ್ದೇನೆಯೋ ಹೇಗೆ ತಿಳಿಯಬೇಕು?

ಇದಕ್ಕೆ ಉತ್ತರ ಕೋಳಿಮೊಟ್ಟೆಯಿಂದ ಬಂತು. ಭ್ರೂಣಶಾಸ್ತ್ರಜ್ಞರಿಗೆ ಕೋಳಿಮೊಟ್ಟೆ ಬಲು ಅನುಕೂಲ. ಕಾವು ಕೊಟ್ಟ ಮೊಟ್ಟೆಯ ಚಿಪ್ಪಿನಲ್ಲಿ ಚಿಕ್ಕ ಕಿಂಡಿ ಕೊರೆದರೆ ಹಳದಿಯ ಮೇಲೆ ಮಲಗಿದ ಭ್ರೂಣ ಕಾಣುತ್ತದೆ. ಸೂಜಿಯಷ್ಟು ಚೂಪಾದ ಸಲಕರಣೆಯಿಂದ ಕೆಲಸ ಮುಗಿಸಿ ಕಿಂಡಿಗೆ ಟೇಪು ಅಂಟಿಸಿ ಮತ್ತೆ ಕಾವಿಗೆ ಇಡಬಹುದು. ನರಕೊಳವೆಯ ಕೆಳಗೆ, ಭ್ರೂಣದ ಉದ್ದಕ್ಕೂ, ನೋಟೋಕಾರ್ಡ್ ಎಂಬ ಮೆತ್ತನೆಯ ಸರಳು ಇರುತ್ತದೆ. ಬೆನ್ನುಮೂಳೆ ಬಂದ ಮೇಲೆ ಇದು ಡಿಸ್ಕುಗಳ ಒಳಗಿನ ತಿರುಳಾಗಿ ಮಾತ್ರ ಉಳಿಯುತ್ತದೆ. 1991ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಥಾಮಸ್ ಜೆಸ್ಸೆಲ್ ತಂಡ ಒಂದು ಕೋಳಿ ಭ್ರೂಣದ ನೋಟೋಕಾರ್ಡಿನ ತುಂಡನ್ನು ತೆಗೆದು ಇನ್ನೊಂದು ಭ್ರೂಣದ ನರಕೊಳವೆಯ ಪಕ್ಕಕ್ಕೆ ನೆಟ್ಟಿತು. ಚಾಲಕ ನರಕೋಶಗಳು ಇರಬಾರದ ಆ ಜಾಗದಲ್ಲಿ ಚಾಲಕ ನರಕೋಶಗಳು ಹುಟ್ಟಿದವು. ನೋಟೋಕಾರ್ಡನ್ನೇ ಕಿತ್ತರೆ ಇರಬೇಕಾದ ಜಾಗದಲ್ಲೂ ಹುಟ್ಟಲಿಲ್ಲ. ಅಂದರೆ ಆ ಸರಳಿನಿಂದ ಏನೋ ಒಸರುತ್ತಿದೆ, ಕೊಳವೆಯ ಕೋಶಗಳು ಅದನ್ನು ಗ್ರಹಿಸುತ್ತಿವೆ.

ಆ 'ಏನೋ' ಎರಡೇ ವರ್ಷದಲ್ಲಿ ಸಿಕ್ಕಿತು. ಅದರ ಹೆಸರಿನ ಪುರಾಣ ಶುರುವಾಗುವುದು ಹಣ್ಣಿನ ನೊಣದಿಂದ. ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್ಹಾರ್ಟ್ ಮತ್ತು ಎರಿಕ್ ವೀಶೌಸ್ ನೊಣದ ಮರಿಹುಳುಗಳ ಮೈ ಕಟ್ಟುವ ಜೀನುಗಳನ್ನು ಹುಡುಕುತ್ತಿದ್ದಾಗ, ಒಂದು ಜೀನ್ ಕೆಟ್ಟ ಮರಿ ಮೊಂಡಾಗಿ, ಅಡಿಮೈ ತುಂಬ ಮುಳ್ಳು ತುಂಬಿಕೊಂಡು ಕಂಡಿತು. ಮುಳ್ಳುಮೈಯ ಪುಟ್ಟ ಪ್ರಾಣಿಯೊಂದರ ಹೆಸರಲ್ಲಿ ಆ ಜೀನನ್ನು ಹೆಡ್ಜ್‌ಹಾಗ್ ಎಂದು ಕರೆದರು. 1980ರ ಆ ಕೆಲಸಕ್ಕೆ 1995ರ ನೊಬೆಲ್ ಬಂತು. 1993ರಲ್ಲಿ ಬೆನ್ನೆಲುಬಿನ ಪ್ರಾಣಿಗಳಲ್ಲಿ ಅದೇ ಬಳಗದ ಮೂರು ಜೀನುಗಳು ಸಿಕ್ಕವು. ಎರಡಕ್ಕೆ ನಿಜವಾದ ಹೆಡ್ಜ್‌ಹಾಗ್ ಪ್ರಭೇದಗಳ ಹೆಸರು, ಡೆಸರ್ಟ್ ಮತ್ತು ಇಂಡಿಯನ್. ಮೂರನೆಯದಕ್ಕೆ ವಿಡಿಯೋ ಗೇಮಿನ ನಾಯಕನ ಹೆಸರು, ಸೋನಿಕ್ ಹೆಡ್ಜ್‌ಹಾಗ್. ಪ್ರಯೋಗಾಲಯದಲ್ಲಿ ನಗು ತರಿಸಿದ ಈ ಹೆಸರು ಆಸ್ಪತ್ರೆಯಲ್ಲಿ ಇರಿಸುಮುರಿಸು ತರುತ್ತದೆ. ನಿಮ್ಮ ಕೂಸಿನ ಮಿದುಳು ಹೀಗಾಗಿರುವುದಕ್ಕೆ ಸೋನಿಕ್ ಹೆಡ್ಜ್‌ಹಾಗ್ ಕಾರಣ ಎಂದು ಅಳುತ್ತಿರುವ ತಾಯಿಗೆ ಯಾವ ಡಾಕ್ಟರು ತಾನೆ ಹೇಳಿಯಾರು?

ನೋಟೋಕಾರ್ಡಿನಿಂದ, ಆಮೇಲೆ ಕೊಳವೆಯ ತಳದಿಂದಲೇ, ಈ ಪ್ರೋಟೀನು ಒಸರಿ ಮೇಲಕ್ಕೆ ಹರಡುತ್ತದೆ. ಒಲೆಯ ಮೇಲೆ ಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಅಡುಗೆಮನೆಯಲ್ಲಿದ್ದವರು ಕೆಮ್ಮಿ ಹೊರಗೋಡುತ್ತಾರೆ, ನಡುಮನೆಯವರು ಒಂದು ಸೀನು ಸೀನುತ್ತಾರೆ, ಜಗುಲಿಯಲ್ಲಿದ್ದವರಿಗೆ ಇವತ್ತು ಸಾರು ಎಂದು ತಿಳಿಯುತ್ತದೆ. ಯಾರು ಎಲ್ಲಿದ್ದಾರೆಂದು ಘಾಟಿನ ಪ್ರಮಾಣದಿಂದಲೇ ಹೇಳಬಹುದು. ನರಕೊಳವೆಯಲ್ಲಿ ನಡೆಯುವುದೂ ಇದೇ. ತೀರ ಕೆಳಗೆ, ಸೋನಿಕ್ ದಟ್ಟವಾಗಿರುವಲ್ಲಿ, ಕೊಳವೆಯ ತಳಹಾಸು ಆಗುತ್ತದೆ. ಅದರ ಮೇಲೊಂದು ಪದರ, ಅದರ ಮೇಲೆ ಚಾಲಕ ನರಕೋಶಗಳ ಪದರ, ಮತ್ತೂ ಮೇಲೆ ಇನ್ನು ಮೂರು ಬಗೆ. ಪ್ರಯೋಗಪಾತ್ರೆಯಲ್ಲಿ ಕೋಳಿ ಭ್ರೂಣದ ನರ ಅಂಗಾಂಶಕ್ಕೆ ಸೋನಿಕ್ ಹಾಕಿ ನೋಡಿದವರು, ಪ್ರಮಾಣ ಎರಡು ಮೂರು ಪಟ್ಟು ಬದಲಾದರೆ ಹುಟ್ಟುವ ನರಕೋಶದ ಜಾತಿಯೇ ಬದಲಾಗುವುದನ್ನು ಕಂಡರು. ಪ್ರಮಾಣವಷ್ಟೇ ಅಲ್ಲ, ಎಷ್ಟು ಹೊತ್ತು ಸಂಕೇತ ಸಿಕ್ಕಿತು ಎಂಬುದೂ ಲೆಕ್ಕಕ್ಕೆ ಬರುತ್ತದೆ ಎಂದು ಆಮೇಲೆ ಲಂಡನ್ನಿನ ಜೇಮ್ಸ್ ಬ್ರಿಸ್ಕೋ ತಂಡ ತೋರಿಸಿತು. ಬೆನ್ನಿನ ಕಡೆಯಿಂದ ಬೇರೆ ಸಂಕೇತಗಳು, ಬಿಎಂಪಿ ಮತ್ತು ವಿಂಟ್ ಬಳಗದವು, ಕೆಳಕ್ಕೆ ಹರಡುತ್ತವೆ. ಅವುಗಳ ಕಥೆ ಇನ್ನೊಂದು ದಿನಕ್ಕಿರಲಿ.

ಸಂಕೇತ ಸಿಕ್ಕಿತು. ಕೋಶ ಅದನ್ನು ಎಲ್ಲಿ ಕೇಳಿಸಿಕೊಳ್ಳುತ್ತದೆ ಎಂದು ಯಾರೂ ಕೇಳಲಿಲ್ಲ, ಏಕೆಂದರೆ ಅದು ಪ್ರಶ್ನೆ ಎಂದೇ ಅನ್ನಿಸಿರಲಿಲ್ಲ. ಹೆಡ್ಜ್‌ಹಾಗಿನ ಇಡೀ ದಾರಿಯನ್ನು ನೊಣದಲ್ಲಿ ಬಿಡಿಸಿ ಇಟ್ಟಾಗಿತ್ತು. ಕೋಶದ ಹೊರಪೊರೆಯಲ್ಲಿ ಪ್ಯಾಚ್ಡ್ ಎಂಬ ಪ್ರೋಟೀನು, ಅದು ಸ್ಮೂದನ್ಡ್ ಎಂಬ ಇನ್ನೊಂದನ್ನು ಅದುಮಿ ಇಟ್ಟಿರುತ್ತದೆ. ಹೆಡ್ಜ್‌ಹಾಗ್ ಬಂದು ಪ್ಯಾಚ್ಡನ್ನು ಹಿಡಿದರೆ ಸ್ಮೂದನ್ಡ್‌ಗೆ ಬಿಡುಗಡೆ. ಅಲ್ಲಿಂದ ಸುದ್ದಿ ಕೋಶಕೇಂದ್ರಕ್ಕೆ. ನಮ್ಮಲ್ಲೂ ಹೀಗೇ ಇರಬೇಕು ಎಂದು ಎಲ್ಲರೂ ನಂಬಿದ್ದರು. ನೊಣದ ಬಹುತೇಕ ಕೋಶಗಳಿಗೆ ಸಿಲಿಯಾ ಇಲ್ಲ. ಕೆಲವು ಇಂದ್ರಿಯ ನರಕೋಶಗಳಿಗೆ, ವೀರ್ಯಾಣುವಿಗೆ ಮಾತ್ರ ಇದೆ. ಹಾಗಾಗಿ ನೊಣವನ್ನು ಎಷ್ಟು ಜಾಲಾಡಿದರೂ ಸಿಲಿಯಾದ ಸುಳಿವು ಸಿಗುವಂತಿರಲಿಲ್ಲ.

ಕ್ಯಾಥರಿನ್ ಆಂಡರ್ಸನ್ ನೊಣದ ಗರಡಿಯಲ್ಲೇ ಪಳಗಿದವರು, ನ್ಯೂಸ್ಲೈನ್-ಫೋಲ್ಹಾರ್ಟ್ ಪ್ರಯೋಗಾಲಯದಲ್ಲೇ ಕೆಲಸ ಮಾಡಿದ್ದವರು. ಆಮೇಲೆ ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಸಂಸ್ಥೆಯಲ್ಲಿ ಅದೇ ನೊಣದ ಉಪಾಯವನ್ನು ಇಲಿಯ ಮೇಲೆ ಹೂಡಿದರು. ಉಪಾಯ ಕೇಳಲು ಸರಳ, ಮಾಡಲು ವರ್ಷಗಟ್ಟಲೆ ಬೇಕು. ಗಂಡಿಲಿಗಳಿಗೆ ಜೀನುಗಳನ್ನು ಅಲ್ಲಲ್ಲಿ ಕೆಡಿಸುವ ರಾಸಾಯನಿಕವೊಂದನ್ನು ಚುಚ್ಚುವುದು, ಮೂರು ತಲೆಮಾರು ತಳಿ ಎತ್ತುವುದು, ಹತ್ತೊಂಬತ್ತು ಇಪ್ಪತ್ತು ದಿನದ ಬಸಿರಿನ ನಡುಮಧ್ಯದಲ್ಲಿ ಗರ್ಭ ತೆರೆದು ಭ್ರೂಣಗಳನ್ನು ಒಂದೊಂದಾಗಿ ಸೂಕ್ಷ್ಮದರ್ಶಕದಡಿ ನೋಡುವುದು. ಯಾವ ಜೀನ್ ಕೆಟ್ಟಿದೆ ಎಂಬುದು ಮೊದಲು ಬೇಡ. ಭ್ರೂಣ ನೋಡಲು ವಿಚಿತ್ರವಾಗಿದೆಯೇ, ಅದನ್ನು ಎತ್ತಿಡು. ಜೀನನ್ನು ಆಮೇಲೆ ಹುಡುಕು. ಊಹೆಯನ್ನು ಮೊದಲು ಕಟ್ಟಿ ಪುರಾವೆಯನ್ನು ಆಮೇಲೆ ಹುಡುಕುವವರಿಗೆ ಇದು ಮೀನುಗಾರಿಕೆಯಂತೆ ಕಾಣುತ್ತದೆ, ಅನುದಾನ ಸಮಿತಿಗಳು ಮೂಗು ಮುರಿಯುತ್ತವೆ. ಆದರೆ ನನಗೆ ಈ ದಾರಿಯ ಮೇಲೇ ಹೆಚ್ಚು ನಂಬಿಕೆ: ಯಾರೂ ಕೇಳದ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಹೀಗೆ ಕಣ್ಣು ತೆರೆದುಕೊಂಡು ಕೂರಬೇಕು.

ಹಾಗೆ ಎತ್ತಿಟ್ಟವುಗಳಲ್ಲಿ ಎರಡು ತಳಿಗೆ ವಿಂಪಲ್, ಫ್ಲೆಕ್ಸೊ ಎಂದು ಹೆಸರು. ವಿಂಪಲ್ ಎಂದರೆ ಹಿಂದೆ ಯುರೋಪಿನ ಹೆಂಗಸರು ತಲೆ ಕತ್ತಿನ ಸುತ್ತ ಕಟ್ಟಿಕೊಳ್ಳುತ್ತಿದ್ದ ಬಟ್ಟೆ. ಈ ಭ್ರೂಣಗಳ ಮಿದುಳಿನ ಭಾಗದಲ್ಲಿ ನರಕೊಳವೆ ಮುಚ್ಚಿರಲಿಲ್ಲ. ಬಸಿರಿನ ಅರ್ಧಕ್ಕೇ ಸಾಯುತ್ತಿದ್ದವು. ಮಿದುಳುಬಳ್ಳಿಯನ್ನು ಅಡ್ಡ ಸೀಳಿ ಬಣ್ಣ ಹಾಕಿ ನೋಡಿದರೆ ತಳಹಾಸಿಲ್ಲ, ಕೆಳಪದರದ ನರಕೋಶಗಳಿಲ್ಲ. ಸೋನಿಕ್ ಹೆಡ್ಜ್‌ಹಾಗ್ ಸಂಕೇತ ಕೋಶಕ್ಕೆ ತಲುಪದಿದ್ದರೆ ಹೇಗಿರಬೇಕೋ ಹಾಗೇ. ಹೆಡ್ಜ್‌ಹಾಗ್ ದಾರಿಯ ಹೊಸ ಕೊಂಡಿಯೇ ಸಿಕ್ಕಿತು ಎಂದುಕೊಂಡು ಸಂಶೋಧನಾ ವಿದ್ಯಾರ್ಥಿನಿ ದಾನ್ವೇ ಹುವಾಂಗ್‌ಫು ಜೀನುಗಳನ್ನು ಗುರುತಿಸಿದರೆ, ಸಿಕ್ಕಿದ್ದು ಹೆಡ್ಜ್‌ಹಾಗಿಗೆ ಹೆಸರೇ ಕೇಳದ ಎರಡು ಜೀನ್. ಅವುಗಳ ಪರಿಚಯ ಇದ್ದದ್ದು ಕೆರೆಯ ಪಾಚಿಯನ್ನು ಸಾಕಿಕೊಂಡಿದ್ದ ಒಂದು ಗುಂಪಿಗೆ.

ಕ್ಲಾಮಿಡೊಮೊನಾಸ್ ಎಂಬ ಒಂಟಿಕೋಶದ ಹಸಿರು ಪಾಚಿ ಕೊಳದ ನೀರಲ್ಲಿ, ಒದ್ದೆ ಮಣ್ಣಲ್ಲಿ ಇರುತ್ತದೆ. ಈಜಲು ಎರಡು ಬಾಲ. 1993ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಜೋಯೆಲ್ ರೋಸೆನ್‌ಬಾಮ್ ಪ್ರಯೋಗಾಲಯದ ಕೀತ್ ಕೋಜ್ಮಿನ್‌ಸ್ಕಿ, ಬಾಲ ಆಡಿಸದೆ ನಿಂತ ಪಾಚಿಯನ್ನು ವಿಡಿಯೋ ಮಾಡಿ ನೋಡುತ್ತಿದ್ದಾಗ ಬಾಲದೊಳಗೆ ಕಣಗಳು ಓಡಾಡುವುದನ್ನು ಕಂಡರು. ಬುಡದಿಂದ ತುದಿಗೆ ಸೆಕೆಂಡಿಗೆ ಸುಮಾರು ಎರಡು ಮೈಕ್ರಾನ್, ತುದಿಯಿಂದ ಬುಡಕ್ಕೆ ಮೂರೂವರೆ. ಪ್ರೋಟೀನು ತಯಾರಾಗುವುದು ಕೋಶದ ಒಡಲಲ್ಲಿ, ಸಿಲಿಯಾದೊಳಗೆ ಅಲ್ಲ. ಅದನ್ನು ಕಟ್ಟಲು ಬೇಕಾದದ್ದನ್ನೆಲ್ಲ ಬುಡದಿಂದ ಸಾಗಿಸಬೇಕು. ಈ ಸಾಗಣೆ ನಿಂತರೆ ಬಾಲ ಬೆಳೆಯುವುದಿಲ್ಲ. ವಿಂಪಲ್, ಫ್ಲೆಕ್ಸೊ ಇಲಿಗಳಲ್ಲಿ ಕೆಟ್ಟಿದ್ದು ಆ ಸಾಗಣೆಯ ಕಣಗಳ ಭಾಗಗಳೇ, ಐಎಫ್‌ಟಿ172 ಮತ್ತು ಐಎಫ್‌ಟಿ88. ಅದರಲ್ಲೂ ಐಎಫ್‌ಟಿ88 ಕೆಟ್ಟ ಇಲಿಗೆ ಕಿಡ್ನಿಯಲ್ಲಿ ನೀರುಗುಳ್ಳೆಗಳಾಗುತ್ತವೆ ಎಂದು 2000ದಲ್ಲೇ ಗ್ರೆಗರಿ ಪಜೂರ್ ಮತ್ತು ಸಂಗಡಿಗರು ತೋರಿಸಿದ್ದರು. ಪಾಚಿಯ ಬಾಲ, ಇಲಿಯ ಕಿಡ್ನಿ, ಭ್ರೂಣದ ಬೆನ್ನು ಮೂರೂ ಒಂದೆಡೆ ಬಂದು ನಿಂತವು. 2003ರ 'ನೇಚರ್' ಪತ್ರಿಕೆಯ ಪ್ರಬಂಧ ಹೇಳಿದ್ದಿಷ್ಟೆ: ಸಿಲಿಯಾ ಇಲ್ಲದೆ ಇಲಿಯ ಕೋಶಕ್ಕೆ ಹೆಡ್ಜ್‌ಹಾಗ್ ಕೇಳಿಸುವುದಿಲ್ಲ.

ನರಕೊಳವೆ ಮುಚ್ಚದಿರುವುದು ಎಂದಾಕ್ಷಣ ಬಸುರಿಯರಿಗೆ ಕೊಡುವ ಫೋಲಿಕ್ ಆಸಿಡ್ ಮಾತ್ರೆ ನೆನಪಾಗುತ್ತದೆ. ಅದು ಬೇರೆ ದಾರಿ. ಮನುಷ್ಯರಲ್ಲಿ ಕೊಳವೆ ತೆರೆದೇ ಉಳಿಯಲು ಕಾರಣ ಹಲವು, ಸಿಲಿಯಾದ ಪಾಲು ಅದರಲ್ಲಿ ಚಿಕ್ಕದು. ಒಮ್ಮೆ ಹೀಗಾದ ತಾಯಂದಿರಿಗೆ ಗರ್ಭ ಕಟ್ಟುವ ಮೊದಲಿಂದಲೇ ಫೋಲಿಕ್ ಆಸಿಡ್ ಕೊಟ್ಟರೆ ಮತ್ತೆ ಹಾಗಾಗುವ ಸಂಭವ ಶೇ. 72ರಷ್ಟು ತಗ್ಗುತ್ತದೆಂದು 1991ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಮುನ್ನಡೆಸಿದ ಅಧ್ಯಯನ ತೋರಿಸಿತು. ಆ ವಿಟಮಿನ್ನಿನ ಮೊದಲ ಸುಳಿವು ಸಿಕ್ಕಿದ್ದು ನಮ್ಮ ಮುಂಬೈಯಲ್ಲಿ, 1928ರಲ್ಲಿ ಅಲ್ಲಿಗೆ ಬಂದ ಲೂಸಿ ವಿಲ್ಸ್ ಬಸುರಿಯರ ರಕ್ತಹೀನತೆಗೆ ಔಷಧ ಹುಡುಕುತ್ತಿದ್ದಾಗ, ಯೀಸ್ಟ್ ಸಾರದಲ್ಲಿ. ಮಾತ್ರೆಯನ್ನು ಬಸುರಿ ಎಂದು ಗೊತ್ತಾದ ಮೇಲೆ ಶುರು ಮಾಡಿದರೆ ಕೊಳವೆಯ ಮಟ್ಟಿಗೆ ತಡವಾಗಿರುತ್ತದೆ ಎಂಬುದನ್ನು ಮೇಲಿನ 28 ದಿನದ ಲೆಕ್ಕವೇ ಹೇಳುತ್ತದೆ.

2003ರ ಆ ಪ್ರಬಂಧದ ಮುಂದಿನ ನಾಲ್ಕು ವರ್ಷದಲ್ಲಿ ಸಿಲಿಯಾದ ಒಳಗಿನ ವ್ಯವಹಾರ ಬಯಲಾಯಿತು. ಸೋನಿಕ್ ಇಲ್ಲದಾಗ ಪ್ಯಾಚ್ಡ್ ಸಿಲಿಯಾದಲ್ಲಿ ಕೂತು ಸ್ಮೂದನ್ಡ್‌ನ್ನು ಹೊರಗಿಟ್ಟಿರುತ್ತದೆ. ಸೋನಿಕ್ ಬಂದು ಹಿಡಿದ ಕೂಡಲೇ ಪ್ಯಾಚ್ಡ್ ಅಲ್ಲಿಂದ ಜಾಗ ಖಾಲಿ ಮಾಡುತ್ತದೆ, ಸ್ಮೂದನ್ಡ್ ಒಳಗೆ ನುಗ್ಗುತ್ತದೆ. ನರಕೊಳವೆಯ ಕೋಶಗಳು ನೀಳವಾಗಿ, ಕೊಳವೆಯ ಒಳಗೋಡೆಯಿಂದ ಹೊರಗೋಡೆಯವರೆಗೆ ಚಾಚಿಕೊಂಡಿರುತ್ತವೆ. ಪ್ರತಿಯೊಂದರ ಸಿಲಿಯಾ ಕೊಳವೆಯ ನಡುವಿನ ದ್ರವಕ್ಕೆ ತಲೆ ಹೊರಹಾಕಿ ನಿಂತಿರುತ್ತದೆ. ಸೋನಿಕ್ ಪ್ರೋಟೀನು ಸಹ ಬಂದು ಸೇರುವುದು ಹೆಚ್ಚಾಗಿ ಅದೇ ತುದಿಯಲ್ಲಿ, ಸಿಲಿಯಾದ ಬುಡದ ಹತ್ತಿರ.

ಈಗ ಬೆರಳಿಗೆ ಬರಬಹುದು. ಸ್ಮೂದನ್ಡ್‌ನಿಂದ ಸುದ್ದಿ ಕೋಶಕೇಂದ್ರಕ್ಕೆ ಒಯ್ಯುವವು ಗ್ಲಿ ಎಂಬ ಪ್ರೋಟೀನುಗಳು. ಇವುಗಳಿಗೆ ಎರಡು ಮುಖ. ಸಂಕೇತ ಬಂದರೆ ಗ್ಲಿ ಸಿಲಿಯಾದ ತುದಿಗೆ ಹೋಗಿ, ಅಲ್ಲಿಂದ ಜೀನುಗಳನ್ನು ಎಬ್ಬಿಸುವ ರೂಪದಲ್ಲಿ ಹೊರಡುತ್ತದೆ. ಸಂಕೇತ ಇಲ್ಲದಿದ್ದರೆ ಸುಮ್ಮನಿರುವುದಿಲ್ಲ. ಮುಖ್ಯವಾಗಿ ಗ್ಲಿ3 ಎಂಬುದು ಕತ್ತರಿಸಿಕೊಂಡು ಮೊಟಕಾಗಿ, ಅವೇ ಜೀನುಗಳನ್ನು ಮಲಗಿಸುವ ರೂಪ ತಾಳುತ್ತದೆ. ಈ ಕತ್ತರಿಸುವಿಕೆ ಸರಿಯಾಗಿ ನಡೆಯಲೂ ಸಿಲಿಯಾ ಬೇಕು! ಹಾಗಾಗಿ ಸಿಲಿಯಾ ಕೆಟ್ಟರೆ ಎಬ್ಬಿಸುವವರೂ ಇಲ್ಲ, ಮಲಗಿಸುವವರೂ ಇಲ್ಲ. ಮಿದುಳುಬಳ್ಳಿಯ ತಳದಲ್ಲಿ ಎಬ್ಬಿಸುವ ಗ್ಲಿ ಮುಖ್ಯ, ಅದು ಇಲ್ಲದೆ ಅಲ್ಲಿ ಹುಟ್ಟಬೇಕಾದ ನರಕೋಶಗಳು ಹುಟ್ಟುವುದಿಲ್ಲ. ಕೈಯಲ್ಲಿ ಲೆಕ್ಕ ತಿರುಗುಮುರುಗು. ಭ್ರೂಣದ ಕೈಮೊಳಕೆಯಲ್ಲಿ ಸೋನಿಕ್ ಒಸರುವುದು ಕಿರುಬೆರಳಿನ ಕಡೆಯಿಂದ. ಹೆಬ್ಬೆರಳಿನ ಕಡೆ ಮಲಗಿಸುವ ಗ್ಲಿ3 ಕಾವಲಿರುತ್ತದೆ, ಬೆರಳಿನ ಸಂಖ್ಯೆಯನ್ನು ಐದಕ್ಕೆ ಹಿಡಿದಿಡುತ್ತದೆ. ಕಾವಲು ತಪ್ಪಿದರೆ ಬೆರಳು ಹೆಚ್ಚುತ್ತದೆ. ಒಂದೇ ಎಳೆ ಕೆಟ್ಟಿದ್ದಕ್ಕೆ ಬೆನ್ನಿನಲ್ಲಿ ಕಡಿಮೆ, ಕೈಯಲ್ಲಿ ಹೆಚ್ಚು. ಈ ವಿಷಯವನ್ನು ಓದುವಾಗ ನನಗೆ ಅತ್ಯಂತ ಖುಷಿ ಕೊಟ್ಟದ್ದು ಇದೇ ಜಾಗ.

ಕಣ್ಣಿನ ಲೆಕ್ಕ ಇದಕ್ಕಿಂತ ನೇರ. ರೆಟಿನಾದಲ್ಲಿ ಬೆಳಕು ಹಿಡಿಯುವ ಕೋಶಗಳ ಹೊರತುದಿ ರೂಪ ಬದಲಿಸಿಕೊಂಡ ಸಿಲಿಯಾವೇ. ಅಲ್ಲಿಗೆ ಸಾಗಣೆ ಕೆಟ್ಟರೆ ಕೋಶ ಮೆಲ್ಲನೆ ಸಾಯುತ್ತದೆ, ದೃಷ್ಟಿ ಮಂದವಾಗುತ್ತದೆ. ಕಿಡ್ನಿಯ ನಾಳಗಳಲ್ಲಿ ಸಿಲಿಯಾ ಏನು ಮಾಡುತ್ತದೆ ಎಂಬ ಬಗ್ಗೆ ಇನ್ನೂ ಜಗಳವಿದೆ, ಅಲ್ಲಿ ಹೆಡ್ಜ್‌ಹಾಗ್ ಒಂದರಿಂದಲೇ ಬಗೆಹರಿಯುವುದಿಲ್ಲ.

ಉಳಿದದ್ದು ಓಲಾಟ. 1969ರಲ್ಲಿ ಮಾಂಟ್ರಿಯಲ್‌ನ ವೈದ್ಯೆ ಮೇರಿ ಜೂಬೇರ್ ಮತ್ತು ಸಂಗಡಿಗರು ಫ್ರೆಂಚ್ ಕೆನಡಿಯನ್ ಕುಟುಂಬವೊಂದರ ನಾಲ್ಕು ಒಡಹುಟ್ಟಿದವರ ಬಗ್ಗೆ ಬರೆದರು. ಹುಟ್ಟಿದ ಹೊಸದರಲ್ಲಿ ಈ ಮಕ್ಕಳು ನಾಯಿ ತೇಕಿದ ಹಾಗೆ ಬೇಗ ಬೇಗ ಉಸಿರಾಡುವುದು, ಆಮೇಲೆ ಕೆಲಕ್ಷಣ ಉಸಿರೇ ನಿಲ್ಲುವುದು, ಕಣ್ಣುಗಳ ಚಲನೆ ತಪ್ಪುವುದು, ಮೈ ಮೆತ್ತಗಿರುವುದು, ಬೆಳೆದ ಮೇಲೆ ನಡಿಗೆಯಲ್ಲಿ ಸಮತೋಲ ಸಿಗದಿರುವುದು. ಅನುಮಸ್ತಿಷ್ಕದ, ಅಂದರೆ ಹಿಂದಲೆಯ ಪುಟ್ಟ ಮಿದುಳಿನ, ನಡುಭಾಗ ಇವರಲ್ಲಿ ಬೆಳೆದಿರಲಿಲ್ಲ. ಇದೇ ಜೂಬೇರ್ ಸಿಂಡ್ರೋಮ್. ಎಂಆರ್‌ಐ ಬಂದ ಮೇಲೆ ಅಡ್ಡಚಿತ್ರದಲ್ಲಿ ಒಂದು ಗುರುತು ಕಂಡಿತು. ಅನುಮಸ್ತಿಷ್ಕದಿಂದ ಹೊರಡುವ ನರತಂತುಗಳ ಎರಡು ಕಟ್ಟು ನಡುಗೆರೆ ದಾಟಿ ಎದುರು ಬದಿಗೆ ಹೋಗಬೇಕು. ಇವರಲ್ಲಿ ದಾಟದೆ ದಪ್ಪವಾಗಿ, ನೇರವಾಗಿ ಮುಂದೆ ಸಾಗುತ್ತವೆ. ನಡುವೆ ಆಳವಾದ ಕಣಿವೆ. ಇಡೀ ಚಿತ್ರ ಬೇರುಸಮೇತ ಕಿತ್ತ ದವಡೆಹಲ್ಲಿನಂತೆ ಕಾಣುವುದರಿಂದ 1997ರಿಂದ ಇದನ್ನು 'ಮೋಲಾರ್ ಟೂತ್' ಗುರುತು ಎಂದೇ ಕರೆಯುತ್ತಾರೆ. ಒಮ್ಮೆ ನೋಡಿದ ರೇಡಿಯಾಲಜಿಸ್ಟ್ ಮರೆಯುವುದಿಲ್ಲ.

ಇದರ ಹಿಂದೆ ಮೂವತ್ತಕ್ಕೂ ಹೆಚ್ಚು ಜೀನುಗಳಿವೆ. ಕೂಡಿಸಿ ನೋಡಿದರೆ ಹೆಚ್ಚುಕಡಿಮೆ ಎಲ್ಲವೂ ಸಿಲಿಯಾಕ್ಕೆ, ಅದರ ಬುಡಕ್ಕೆ ಸಂಬಂಧಿಸಿದವು. ಆಂಡರ್ಸನ್ ಇಲಿಗಳಲ್ಲೇ ಹೆನಿನ್ ಎಂಬ ಇನ್ನೊಂದು ತಳಿ ಇತ್ತು. ಅದರಲ್ಲಿ ಕೆಟ್ಟದ್ದು ಎಆರ್‌ಎಲ್13ಬಿ ಎಂಬ ಜೀನ್ ಎಂದು 2007ರಲ್ಲಿ ಗೊತ್ತಾಯಿತು. ಮರುವರ್ಷವೇ ಜೂಬೇರ್ ಇರುವ ಕುಟುಂಬಗಳಲ್ಲಿ ಅದೇ ಜೀನಿನ ದೋಷ ಸಿಕ್ಕಿತು. ಅನುಮಸ್ತಿಷ್ಕ ಯಾಕೆ ಹೀಗೆ ಪೆಟ್ಟು ತಿನ್ನುತ್ತದೆ ಎಂಬುದಕ್ಕೆ ಒಂದು ಅಂಶ ಸ್ಪಷ್ಟ. ಮನುಷ್ಯ ಮಿದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ 6,900 ಕೋಟಿ ಇರುವುದು ಇದರಲ್ಲೇ, ಬಹುಪಾಲು ಗ್ರಾನ್ಯೂಲ್ ಕೋಶಗಳೆಂಬ ಪುಟಾಣಿಗಳು. ಅಷ್ಟು ಸಂಖ್ಯೆಗೆ ಅವು ಮರಿ ಹಾಕಬೇಕಾದರೆ ಪಕ್ಕದ ಪರ್ಕಿಂಜೆ ಕೋಶಗಳು ಸುರಿಸುವ ಸೋನಿಕ್ ಹೆಡ್ಜ್‌ಹಾಗ್ ಕೇಳಿಸಬೇಕು.

ಜೂಬೇರ್ ಅಪರೂಪ, ಅಂದಾಜು ಎಂಬತ್ತು ಸಾವಿರದಿಂದ ಒಂದು ಲಕ್ಷ ಮಕ್ಕಳಿಗೆ ಒಂದು. ಆದರೆ ಇದು ಹೆಚ್ಚಾಗಿ ತಂದೆ ತಾಯಿ ಇಬ್ಬರಿಂದಲೂ ಅದೇ ಕೆಟ್ಟ ಜೀನ್ ಬಂದರೆ ಮಾತ್ರ ತೋರುವ ಕಾಯಿಲೆ. ಹೊತ್ತ ಅಪ್ಪ ಅಮ್ಮ ಆರೋಗ್ಯವಾಗಿಯೇ ಇರುತ್ತಾರೆ. ಅಕ್ಕನ ಮಗಳನ್ನೋ ಅತ್ತೆಯ ಮಗಳನ್ನೋ ತಂದುಕೊಳ್ಳುವುದು ನಮ್ಮ ಕಡೆ ಹೊಸದಲ್ಲ; ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಕಾಲುಭಾಗದಷ್ಟು ಮದುವೆಗಳು ರಕ್ತಸಂಬಂಧದಲ್ಲೇ ಆಗುತ್ತವೆ. ಸೋದರಮಾವ ಸೊಸೆಯ ಮಗುವಿಗೆ ಒಂದು ಜೀನಿನ ಎರಡೂ ಪ್ರತಿ ಒಂದೇ ಹಿರೀಕರಿಂದ ಬರುವ ಸಂಭವ ಎಂಟರಲ್ಲೊಂದು, ಅತ್ತೆ ಮಾವನ ಮಕ್ಕಳ ಮದುವೆಯಲ್ಲಿ ಹದಿನಾರರಲ್ಲೊಂದು. ಅಂಥ ಮದುವೆಯ ಮಕ್ಕಳಲ್ಲಿ ಬಹುಪಾಲು ಚೆನ್ನಾಗಿಯೇ ಇರುತ್ತಾರೆ, ಹಾಗಾಗಿ ಯಾರ ಮನೆಯನ್ನೂ ದೂರುವ ಮಾತು ಇದಲ್ಲ. ಒಂದು ಮಗುವಿಗೆ ಇಂಥದ್ದು ಬಂದಿದ್ದರೆ ಮುಂದಿನ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲೊಂದು ಸಂಭವ ಇರುತ್ತದೆ. ಗ್ರಹಚಾರ ಎಂದು ಬಿಡದೆ ಜೆನೆಟಿಕ್ ಕೌನ್ಸೆಲಿಂಗ್‌ಗೆ ಹೋದರೆ ಆ ಜೀನನ್ನು ಹುಡುಕಿಸಬಹುದು. ಕಾಯಿಲೆ ಸಿಲಿಯಾದ್ದು ಎಂದು ತಿಳಿದ ಮೇಲೆ ಇನ್ನೊಂದು ಲಾಭವೂ ಇದೆ. ನಡಿಗೆಗೆಂದು ಬಂದ ಮಗುವಿನ ಕಿಡ್ನಿ, ಕಣ್ಣುಗಳನ್ನು ತೊಂದರೆ ಕಾಣಿಸುವ ಮುಂಚೆಯೇ ಆಗಾಗ ನೋಡಿಸುತ್ತಾ ಹೋಗಬಹುದು.

ಭ್ರೂಣಕ್ಕೆ ಸೋನಿಕ್ ಸಂಕೇತವೇ ಕೇಳಿಸದಿದ್ದರೆ ಏನಾಗುತ್ತದೆ ಎಂಬುದನ್ನು ಅಮೆರಿಕದ ಕುರಿಗಾರರು ವಿಜ್ಞಾನಿಗಳಿಗಿಂತ ಮೊದಲೇ ಕಂಡಿದ್ದರು. 1950ರ ದಶಕದಲ್ಲಿ ಐಡಾಹೊ ರಾಜ್ಯದ ಬೆಟ್ಟದ ಹುಲ್ಲುಗಾವಲುಗಳಲ್ಲಿ ಮೇದ ಕುರಿಗಳು ಹಣೆಯ ನಡುವೆ ಒಂದೇ ಕಣ್ಣಿನ ಮರಿ ಹಾಕತೊಡಗಿದವು. ಕೃಷಿ ಇಲಾಖೆಯ ವಿಜ್ಞಾನಿಗಳು ಹುಡುಕಿದಾಗ ಸಿಕ್ಕಿದ್ದು ಒದ್ದೆ ಜಾಗದಲ್ಲಿ ಬೆಳೆಯುವ ವೆರಾಟ್ರಮ್ ಎಂಬ ಗಿಡ. ಬಸುರಿ ಕುರಿ ಅದನ್ನು ಹದಿನಾಲ್ಕನೆಯ ದಿನ ತಿಂದರೆ ಈ ಗತಿ, ಬೇರೆ ದಿನ ತಿಂದರೆ ಈ ವಿಕಾರವಿಲ್ಲ. ಗಿಡದೊಳಗಿನ ವಿಷಕ್ಕೆ, ಗ್ರೀಕ್ ಪುರಾಣದ ಒಕ್ಕಣ್ಣ ದೈತ್ಯನ ಹೆಸರಲ್ಲಿ, ಸೈಕ್ಲೊಪಮೀನ್ ಎಂದು ಹೆಸರಾಯಿತು. ನಮ್ಮ ಟಿವಿಯಲ್ಲೂ ಆಗೀಗ ಒಕ್ಕಣ್ಣ ಕರುವಿನ ಸುದ್ದಿ ಬರುತ್ತದೆ, ಜನ ಅರಿಶಿನ ಕುಂಕುಮ ಹಿಡಿದು ಓಡುತ್ತಾರೆ. ಭ್ರೂಣದಲ್ಲಿ ಕಣ್ಣಿನ ಜಾಗ ಮೊದಲು ಒಂದೇ ಆಗಿರುತ್ತದೆ. ಕೆಳಗಿನಿಂದ ಬರುವ ಸೋನಿಕ್ ಹೆಡ್ಜ್‌ಹಾಗ್ ಅದನ್ನು ನಡುವೆ ಸೀಳಿ ಎರಡು ಮಾಡುತ್ತದೆ, ಮುಮ್ಮಿದುಳನ್ನೂ ಎಡಬಲವಾಗಿ ಬೇರ್ಪಡಿಸುತ್ತದೆ. 1996ರಲ್ಲಿ ಸೋನಿಕ್ ಜೀನನ್ನೇ ತೆಗೆದ ಇಲಿಯ ಭ್ರೂಣಗಳೂ ಒಕ್ಕಣ್ಣಾದವು. ಸೈಕ್ಲೊಪಮೀನ್ ಹೋಗಿ ಅಂಟಿಕೊಳ್ಳುವುದು ಸ್ಮೂದನ್ಡ್‌ಗೆ ಎಂದು 2002ರಲ್ಲಿ ತಿಳಿಯಿತು.

ಭ್ರೂಣದಲ್ಲಿ ನಿಲ್ಲಬಾರದ ಈ ಸಂಕೇತ, ಹುಟ್ಟಿದ ಮೇಲೆ ಮೈಯಲ್ಲಿ ತಾನಾಗಿ ಶುರುವಾದರೆ ಕ್ಯಾನ್ಸರ್. ಚರ್ಮದ ಬೇಸಲ್ ಸೆಲ್ ಕ್ಯಾನ್ಸರಿನ ಹಿಂದೆ ಹೆಚ್ಚಾಗಿ ಇದೇ ಇದೆ. ಮಕ್ಕಳ ಅನುಮಸ್ತಿಷ್ಕದಲ್ಲಿ ಬರುವ ಮೆಡುಲ್ಲೊಬ್ಲಾಸ್ಟೋಮಾ ಗಡ್ಡೆಗಳ ಒಂದು ಬಗೆ ಹುಟ್ಟುವುದು, ಮೇಲೆ ಹೇಳಿದ ಗ್ರಾನ್ಯೂಲ್ ಕೋಶಗಳು ಸೋನಿಕ್ ಕೇಳುವುದನ್ನು ನಿಲ್ಲಿಸದೆ ಮರಿ ಹಾಕುತ್ತಲೇ ಹೋದಾಗ. ಕುರಿಯ ವಿಷದ ದಾರಿಯಲ್ಲೇ ನಡೆದು ಸ್ಮೂದನ್ಡ್ ಅದುಮುವ ವಿಸ್ಮೊಡೆಗಿಬ್ ಎಂಬ ಮಾತ್ರೆ ತಯಾರಾಯಿತು, 2012ರಲ್ಲಿ ಅಮೆರಿಕದಲ್ಲಿ ಚರ್ಮದ ಕ್ಯಾನ್ಸರಿಗೆ ಒಪ್ಪಿಗೆ ಪಡೆಯಿತು. ಬಸುರಿಯರು ಮುಟ್ಟಲೇಬಾರದು ಎಂಬ ಎಚ್ಚರಿಕೆ ಅದರ ವಿವರಪತ್ರದ ತಲೆಯಲ್ಲೇ ಚೌಕಟ್ಟಿನೊಳಗಿದೆ. ಗಂಡಸರು ನುಂಗುತ್ತಿದ್ದರೆ ಅವರೂ ಕಾಂಡೋಮ್ ಬಳಸಬೇಕು. ಮೆಡುಲ್ಲೊಬ್ಲಾಸ್ಟೋಮಾ ಇರುವ ಮಕ್ಕಳಿಗೆ ಕೊಟ್ಟು ನೋಡಿದಾಗ ಇನ್ನೊಂದು ಪೆಟ್ಟು ಕಾಣಿಸಿತು. ಎಲುಬಿನ ತುದಿಯ ಬೆಳವಣಿಗೆಯ ಪಟ್ಟಿ ತೆರೆದಿರಲು ಬೇಕಾದದ್ದು ಅದೇ ಬಳಗದ ಇಂಡಿಯನ್ ಹೆಡ್ಜ್‌ಹಾಗ್, ಅದು ಕೇಳುವುದೂ ಸ್ಮೂದನ್ಡ್ ಮೂಲಕವೇ. ಮಾತ್ರೆ ನುಂಗಿದ ಕೆಲವು ಮಕ್ಕಳ ಎಲುಬಿನ ಪಟ್ಟಿ ಕಾಲಕ್ಕೆ ಮುಂಚೆ ಮುಚ್ಚಿಕೊಂಡಿತು, ಮಾತ್ರೆ ನಿಲ್ಲಿಸಿದ ಮೇಲೂ ತೆರೆಯಲಿಲ್ಲ. ಹಾಗಾಗಿ ಈ ಗಡ್ಡೆಗೆ ಆ ಮಾತ್ರೆಯನ್ನು ಯೋಚಿಸುವ ವೈದ್ಯರು ಮೊದಲು ಮಗುವಿನ ಎತ್ತರ ಬೆಳೆದು ಮುಗಿದಿದೆಯೇ ಎಂದು ಎಕ್ಸ್‌ರೇ ತೆಗೆಸಿ ನೋಡುತ್ತಾರೆ.